ಎಂಜಿನ್ ಕೆಲಸ ಮುಗಿದ ಮೇಲೆ ಐಡ್ಲಿಂಗ್ ಏರಿದರೆ

ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹೊಸದು ಹಾಕಿ, ಹೆಡ್ ಲೇತಿಗೆ ಕೊಟ್ಟು ತಂದು ಜೋಡಿಸಿದ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 1,500ರಿಂದ ಕೆಳಗಿಳಿಯುವುದಿಲ್ಲ. ಇರಬೇಕಾದ್ದು 800–900ರ ಆಸುಪಾಸು. "ಹೊಸ ಎಂಜಿನ್ ಅಲ್ವಾ ಸಾರ್, ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದು ಸಾಗಹಾಕುವವರಿದ್ದಾರೆ. ನಂಬಬೇಡಿ. ಹೊಸ ರಿಂಗಿನ ಬಿಗಿಗೆ ಎಂಜಿನ್ ಭಾರವಾಗಿ ತಿರುಗಬೇಕೇ ಹೊರತು ಹಾರಾಡಬಾರದು.

ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗುತ್ತಿದೆ ಎಂದರೆ ಎಲ್ಲಿಂದಲೋ ಹೆಚ್ಚು ಗಾಳಿ ಒಳಗೆ ಹೋಗುತ್ತಿದೆ. ಹಳೆ ವ್ಯಾಗನ್ ಆರ್‌ನಂಥ ಗಾಡಿಗಳಲ್ಲಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಕಳ್ಳದಾರಿಯಲ್ಲಿ ಬಂದ ಗಾಳಿಗೂ ಅದು ಪೆಟ್ರೋಲ್ ಕೊಡುತ್ತದೆ. ಹಾಗಾಗಿ ಎಂಜಿನ್ ನಡುಗುವುದಿಲ್ಲ, ನುಣ್ಣಗೆ ಏರಿ ನಿಲ್ಲುತ್ತದೆ. ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಾದರೆ ಅದೇ ಸೋರಿಕೆಗೆ ಹೆಚ್ಚಾಗಿ ನಡುಕ, ಮಿಸ್ಸಿಂಗ್.

ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿ. ಬೆರಳಲ್ಲಿ ಒತ್ತಿದರೆ ತುಸು ಸಡಿಲ ಸಿಗಬೇಕು; ಜೋಡಿಸುವಾಗ ಎಳೆದು ಕಟ್ಟಿರುವುದು ಮಾಮೂಲು. ಅದು ಸರಿಯಿದ್ದರೆ ಮ್ಯಾನಿಫೋಲ್ಡಿಗೆ ಸೇರುವ ಬ್ರೇಕ್ ಬೂಸ್ಟರ್ ಹೋಸನ್ನೂ ಪಿಸಿವಿ ಹೋಸನ್ನೂ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಒಳಗೆಳೆಯುವ ಪೈಪ್) ಒಂದೊಂದಾಗಿ ಹಿಸುಕಿ. ಯಾವುದಕ್ಕೆ ಆರ್‌ಪಿಎಂ ಬೀಳುತ್ತದೋ ಆ ದಾರಿ ಹಿಡಿಯಿರಿ. ಬೀಳದಿದ್ದರೆ ಎರಡನ್ನೂ ಹಿಸುಕಿಟ್ಟು, ಏರ್ ಫಿಲ್ಟರ್ ಪೈಪ್ ಬಿಚ್ಚಿ, ದಪ್ಪ ರಬ್ಬರ್ ತುಂಡಿನಿಂದ ಥ್ರಾಟಲ್ ಬಾಡಿಯ (ಪೆಡಲ್ ಒತ್ತಿದಂತೆ ಗಾಳಿಗೆ ದಾರಿ ಬಿಡುವ ಭಾಗ) ಬಾಯಿ ಮುಚ್ಚಿ. ಎಂಜಿನ್ ಆಫ್ ಆದರೆ ಗಾಳಿ ಅಲ್ಲಿಂದಲೇ ಬರುತ್ತಿದೆ: ಐಡ್ಲಿಂಗ್‌ಗೆ ಬೇಕಾದಷ್ಟು ಗಾಳಿ ಬಿಡುವ ಐಡಲ್ ವಾಲ್ವ್ ಸಿಕ್ಕಿಕೊಂಡಿದೆ, ಥ್ರಾಟಲ್ ಪ್ಲೇಟ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಇಸಿಎಂ ತಾನೇ ವಾಲ್ವ್ ತೆರೆದಿಟ್ಟಿದೆ. ಮುಚ್ಚಿದರೂ ಓಡುತ್ತಿದ್ದರೆ ಸೋರಿಕೆ ಅದರಾಚೆ.

ಎಂಜಿನ್ ಇಳಿಸಿದ ಗಾಡಿಗಳಲ್ಲಿ ಆಚೆ ಎಂದರೆ ಸಾಮಾನ್ಯವಾಗಿ ಇಂಟೇಕ್ ಮ್ಯಾನಿಫೋಲ್ಡ್ ಪ್ಯಾಕಿಂಗ್. ನೂರಿನ್ನೂರು ರೂಪಾಯಿ ಉಳಿಸಲು ಹಳೆಯದನ್ನೇ ಹಾಕಿ ಮೇಲೆ ಸಿಲಿಕಾನ್ ಬಳಿದಿರುತ್ತಾರೆ. ಇಂಜೆಕ್ಟರ್ ಓ-ರಿಂಗ್ ಕೂರಿಸುವಾಗ ಹರಿದಿರುವುದೂ ಉಂಟು. ಅನುಮಾನವಿದ್ದಲ್ಲಿ ನೀರು ಸ್ಪ್ರೇ ಮಾಡಿ, ಇಗ್ನಿಷನ್ ಭಾಗಕ್ಕೆ ತಾಗದಂತೆ; ಸೋರಿಕೆ ಅಲ್ಲೇ ಇದ್ದರೆ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಇಸಿಎಂ ತಾನೇ ಐಡಲ್ ವಾಲ್ವ್ ತೆರೆದಿಟ್ಟಿದ್ದರೆ ಬಹಳ ಸಲ ಕಾರಣ ಕೂಲೆಂಟ್. ಹೊಸದಾಗಿ ತುಂಬಿದಾಗ ಗಾಳಿ ಸಿಕ್ಕಿಕೊಂಡು ಟೆಂಪರೇಚರ್ ಸೆನ್ಸರ್ ಸುತ್ತ ನೀರೇ ಇರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಎಂ ಐಡ್ಲಿಂಗ್ ಏರಿಸುತ್ತದೆ. ಸ್ಕ್ಯಾನರ್‌ನಲ್ಲಿ 40 ಡಿಗ್ರಿ, ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತದೆ! ಎಂಜಿನ್ ತಣ್ಣಗಾದ ಮೇಲೆ ಮುಂಭಾಗ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ಕ್ಯಾಪ್ ತೆಗೆದು ಗಾಳಿ ಬಿಡಿಸಿ. ಆಮೇಲೂ ರೀಡಿಂಗ್ ಏರದಿದ್ದರೆ ಮಾತ್ರ ಸೆನ್ಸರ್ ಬದಲಿಸಿ.

ಇಷ್ಟೆಲ್ಲ ಬಿಟ್ಟು, ಥ್ರಾಟಲ್ ಪ್ಲೇಟ್ ಎಷ್ಟು ಮುಚ್ಚಬೇಕೆಂದು ತಡೆಯುವ ಥ್ರಾಟಲ್ ಸ್ಟಾಪ್ ಸ್ಕ್ರೂಗೆ ಕೈಹಾಕುವವರೇ ಜಾಸ್ತಿ. ಅದನ್ನು ತಿರುಗಿಸಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ಲೆಕ್ಕವೂ ತಪ್ಪುತ್ತದೆ. ಪೆಡಲ್ ಬಿಟ್ಟಿದ್ದೀರಿ ಎಂಬುದೇ ಇಸಿಎಂಗೆ ತಿಳಿಯದೆ ಹೋಗಬಹುದು. ಸ್ಕ್ರೂ ಮೇಲಿನ ಕಂಪನಿ ಬಣ್ಣ ಒಡೆದಿದ್ದರೆ, ಬೇರೇನನ್ನೂ ಬಿಚ್ಚುವ ಮೊದಲು ಅದನ್ನು ಎಷ್ಟು ಸುತ್ತು ತಿರುಗಿಸಿದ್ದಾರೆಂದು ಕೇಳಿಕೊಳ್ಳಿ.