ನಕ್ಷತ್ರ ಮೀನಿನ ಪಾದ ನೀರು ಹೀರಿ ಬಂಡೆ ಹಿಡಿಯುತ್ತದೆಯೇ?

ಪ್ರಶ್ನೆ: ನಕ್ಷತ್ರ ಮೀನು ನೀರಿನ ಒತ್ತಡದಿಂದ ನಡೆಯುತ್ತದಂತೆ. ಬಂಡೆಯನ್ನು ಹಿಡಿಯುವುದೂ ನೀರು ಹೀರಿಕೊಂಡೇ ಅಲ್ವಾ?

ನಡೆಯುವುದು ನೀರಿನಿಂದ, ನಿಜ. ಹಿಡಿಯುವುದು ಹಾಗಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿ ಹೇಳುತ್ತೇನೆ.

ನಾಳಗಳ ಕಥೆ ಸುಲಭ. ಬೆನ್ನ ಮೇಲೆ ಜರಡಿಯಂಥ ಒಂದು ಬಿಲ್ಲೆ. ಅಲ್ಲಿಂದ ಕಡಲ ನೀರು ನಿಧಾನವಾಗಿ ಒಳಗೆ ಬರುತ್ತದೆ. ಕಲ್ಲುನಾಳದಲ್ಲಿ ಇಳಿದು, ಬಾಯಿಯ ಸುತ್ತಲಿನ ಉಂಗುರನಾಳ ಸೇರಿ, ಒಂದೊಂದು ತೋಳಿಗೂ ಹೋಗುತ್ತದೆ. ತೋಳಿನ ಅಡಿಯಲ್ಲಿ ಸಾಲು ಸಾಲು ನಾಳಪಾದಗಳು. ಪ್ರತಿ ಪಾದದ ಮೇಲ್ತುದಿಯಲ್ಲಿ ಪುಟ್ಟ ಚೀಲ. ಇಂಕ್ ಫಿಲ್ಲರಿನ ರಬ್ಬರ್ ಹಿಚುಕಿದ ಹಾಗೆ ಈ ಚೀಲ ಮುದುಡಿದರೆ ನೀರು ಪಾದಕ್ಕೆ ನುಗ್ಗುತ್ತದೆ, ಪಾದ ಉದ್ದವಾಗುತ್ತದೆ. ನೀರು ನಾಳಕ್ಕೆ ವಾಪಸ್ ಹೋಗದಂತೆ ಒಂದು ಕವಾಟವಿದೆ. ಪಾದದ ಸ್ನಾಯು ಬಿಗಿದರೆ ನೀರು ಮತ್ತೆ ಚೀಲಕ್ಕೆ. ಹೆಜ್ಜೆ ಹೆಜ್ಜೆಗೂ ಹೊರಗಿನ ನೀರು ಬೇಕಿಲ್ಲ.

ಈಗ ಆ ಹಠಮಾರಿ ತಪ್ಪು. ಪಾದದ ತುದಿ ತಟ್ಟೆಯ ಹಾಗಿರುವುದನ್ನು ನೋಡಿ ಹಳೆಯ ಪುಸ್ತಕಗಳು ಅದನ್ನು ಹೀರುಬಟ್ಟಲು ಎಂದವು. ಬಾತ್‌ರೂಮ್ ಗೋಡೆಗೆ ಅಂಟಿಸುವ ರಬ್ಬರ್ ಹುಕ್ಕಿನಂತೆ ಎಂದು ಎಲ್ಲರೂ ನಂಬಿದರು. ಆದರೆ ಯೋಚಿಸಿ. ತೂತು ತೂತಾದ ಹಲಗೆಗೆ ಆ ಹುಕ್ಕು ನಿಲ್ಲುವುದಿಲ್ಲ, ನಕ್ಷತ್ರ ಮೀನು ಅಂಟುತ್ತದೆ! ಗಾಜಿನ ಮೇಲೆ ಅದು ನಡೆದು ಹೋದ ಮೇಲೆ ಬಣ್ಣ ಹಾಕಿ ನೋಡಿ: ಹೆಜ್ಜೆ ಗುರುತುಗಳು ಎದ್ದು ಕಾಣುತ್ತವೆ. ಹೀರಿ ಹಿಡಿದಿದ್ದರೆ ಗುರುತು ಎಲ್ಲಿಂದ ಬರಬೇಕು? ಅದು ಗೋಂದು. 2014ರಲ್ಲಿ ಬೆಲ್ಜಿಯಂನ ಮೋನ್ಸ್ ವಿಶ್ವವಿದ್ಯಾಲಯದ ತಂಡ ಯುರೋಪಿನ ಒಂದು ಸಾಮಾನ್ಯ ನಕ್ಷತ್ರ ಮೀನಿನ ಹೆಜ್ಜೆ ಗುರುತಿನಲ್ಲಿರುವ ಮುಖ್ಯ ಪ್ರೋಟೀನಿನ ಪೂರ್ತಿ ರಚನೆಯನ್ನೇ ಬಿಡಿಸಿಟ್ಟಿತು.

ಹಾಗಾದರೆ ಬಿಡಿಸಿಕೊಳ್ಳುವುದು ಹೇಗೆ? ಹಲಸಿನ ಹಣ್ಣು ಬಿಡಿಸಿದವರಿಗೆ ಗೊತ್ತು: ಮೇಣ ಅಂಟಿದರೆ ಕೊಬ್ಬರಿ ಎಣ್ಣೆ ಬೇಕು. ನಕ್ಷತ್ರ ಮೀನಿನ ಪಾದದಲ್ಲಿ ಎರಡೂ ಇವೆ. ಒಂದು ಬಗೆಯ ಕೋಶ ಅಂಟು ಸುರಿಸುತ್ತದೆ, ಇನ್ನೊಂದು ಅದನ್ನು ಬಿಡಿಸುವ ರಸ ಸುರಿಸುತ್ತದೆ. ಗೋಂದು ಬಂಡೆಯಲ್ಲೇ ಉಳಿಯುತ್ತದೆ, ಪಾದ ಮುಂದೆ ಹೋಗುತ್ತದೆ. ಎಷ್ಟು ಚಂದದ ಏರ್ಪಾಡು! ಇನ್ನು ಮರಳಿನಲ್ಲಿ ಹೂತಿರುವ ಆಸ್ಟ್ರೊಪೆಕ್ಟೆನ್ ಜಾತಿಯವಕ್ಕೆ ಆ ತಟ್ಟೆಯೇ ಇಲ್ಲ, ಪಾದದ ತುದಿ ಮೊನಚು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಮಾತು. ಶರಾವತಿಯಲ್ಲಿ, ಕಾಳಿಯಲ್ಲಿ ಮೇಲಕ್ಕೆ ಹೋದರೆ ನಕ್ಷತ್ರ ಮೀನು ಯಾಕೆ ಸಿಗುವುದಿಲ್ಲ? ಅದರ ನಾಳದ ನೀರು ಹೆಚ್ಚುಕಡಿಮೆ ಕಡಲ ನೀರೇ. ಪಾದಗಳ ಗೋಡೆ ತೆಳು. ಉಪ್ಪಿನ ಲೆಕ್ಕ ಸರಿಪಡಿಸಲು ನಮಗಿರುವಂಥ ಮೂತ್ರಪಿಂಡವಿಲ್ಲ. ಸಿಹಿನೀರು ಒಳಗೆ ನುಗ್ಗಿದರೆ ತಡೆಯುವವರಿಲ್ಲ. ಕಡಲ ದಡದಲ್ಲಿ ಸಿಕ್ಕಿದ ನಕ್ಷತ್ರ ಮೀನನ್ನು ಮಕ್ಕಳು ಪ್ರೀತಿಯಿಂದಲೇ ನಲ್ಲಿ ನೀರಿನ ಬಕೆಟ್ಟಿಗೆ ಹಾಕುತ್ತಾರೆ. ಅದು ಸಾಯುವುದು ಇದರಿಂದಲೇ.