ಸೋಲಾರ್ ಹೀಟರ್‌ನ ನಿಜವಾದ ಕೆಲಸ ರಾತ್ರಿ

ಬೆಂಗಳೂರಿನಲ್ಲಿ ಯಾವುದಾದರೂ ಎತ್ತರದ ಕಟ್ಟಡದಿಂದ ಸುತ್ತ ನೋಡಿ. ತಾರಸಿ ತಾರಸಿಯ ಮೇಲೂ ಸೋಲಾರ್ ಹೀಟರ್, ಎಲ್ಲವೂ ದಕ್ಷಿಣಕ್ಕೆ ಓರೆಯಾಗಿ ನಿಂತಿರುತ್ತವೆ. ಹೊಸದಾಗಿ ಹಾಕಿಸುವವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಟ್ಯೂಬ್ ಬರುತ್ತೆ?" ಅಂತ. ಟ್ಯೂಬ್ ಅಂದರೆ ಬಿಸಿಲು ಹೀರುವ ಗಾಜಿನ ಕೊಳವೆ. ನಾನಾದರೆ ಮೊದಲು ಟ್ಯಾಂಕಿನ ಬಗ್ಗೆ ಕೇಳುತ್ತೇನೆ. ನಮ್ಮ ಬಿಸಿಲಿಗೆ ನೀರು ಕಾಯಿಸುವುದು ದೊಡ್ಡ ಕೆಲಸವೇ ಅಲ್ಲ. ಮಧ್ಯಾಹ್ನ ಕಾದ ನೀರನ್ನು ಮರುದಿನ ಬೆಳಗಿನ ಸ್ನಾನದ ತನಕ ಆರದಂತೆ ಇಡುವುದು ಕಷ್ಟ.

ಈ ಕಷ್ಟ ಹಳೆಯದು. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಒಂದು ಸೋಲಾರ್ ಹೀಟರ್‌ಗೆ ಪೇಟೆಂಟ್ ಪಡೆದರು. ಗಾಜು ಮುಚ್ಚಿದ ಮರದ ಪೆಟ್ಟಿಗೆ, ಅದರೊಳಗೆ ಕಪ್ಪು ಬಳಿದ ಕಬ್ಬಿಣದ ಟ್ಯಾಂಕುಗಳು. ಮಧ್ಯಾಹ್ನದ ಹೊತ್ತಿಗೆ ನೀರು ಚೆನ್ನಾಗಿ ಕಾಯುತ್ತಿತ್ತು. ಆದರೆ ಹಗಲು ಬಿಸಿಲು ಹೀರಿದ ಅದೇ ಟ್ಯಾಂಕು ರಾತ್ರಿ ಅದೇ ಗಾಜಿನ ಮೂಲಕ ಶಾಖವನ್ನು ಹೊರಗೆ ಬಿಟ್ಟುಬಿಡುತ್ತಿತ್ತು. ಬೆಳಗ್ಗೆ ತಣ್ಣೀರೇ ಗತಿ. 1909ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಕಾಯಿಸುವ ಜಾಗ ಮತ್ತು ಕೂಡಿಡುವ ಜಾಗ ಎರಡನ್ನೂ ಬೇರೆ ಬೇರೆ ಮಾಡಿದರು. ಬಿಸಿಲಿಗೆ ತೆಳುವಾದ ಕೊಳವೆಗಳು, ಅದರ ಮೇಲೆ ಶಾಖ ಸೋರದಂತೆ ಸುತ್ತಿದ ಟ್ಯಾಂಕು. ತಮ್ಮ ಹೀಟರ್‌ಗೆ ಅವರು ಇಟ್ಟ ಹೆಸರು 'ಡೇ ಅಂಡ್ ನೈಟ್'. ನಮ್ಮ ತಾರಸಿಯ ಮೇಲಿರುವುದೂ ಮೂಲದಲ್ಲಿ ಇದೇ.

ಇದಕ್ಕೆ ಪಂಪು ಬೇಕಿಲ್ಲ. ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿದು ಅದರ ಜಾಗ ತುಂಬುತ್ತದೆ. ಬಿಸಿಲು ಇರುವಷ್ಟು ಹೊತ್ತೂ ಈ ಓಡಾಟ ತಾನಾಗಿಯೇ ನಡೆಯುತ್ತದೆ. ರಾತ್ರಿ ಕೆಳಗಿನ ನೀರು ತಣ್ಣಗಾಗಿ ಭಾರವಾಗುತ್ತದೆ, ಅಲ್ಲೇ ನಿಂತುಬಿಡುತ್ತದೆ. ಟ್ಯಾಂಕನ್ನು ಯಾವಾಗಲೂ ಮೇಲೆ ಕೂರಿಸುವುದು ಅದಕ್ಕೇ.

ಸ್ವಲ್ಪ ಲೆಕ್ಕ ನೋಡೋಣ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 4 ಯೂನಿಟ್ ಶಕ್ತಿ ಬೇಕು. 2 ಕಿಲೋವ್ಯಾಟ್‌ನ ಗೀಸರ್ 2 ಗಂಟೆ ಉರಿದರೆ ಆಗುವಷ್ಟು. ಚೆನ್ನಾಗಿ ಬಿಸಿಲಿರುವ ದಿನ ನಮ್ಮಲ್ಲಿ ಒಂದು ಚದರ ಮೀಟರ್ ಜಾಗಕ್ಕೆ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. 2 ಚದರ ಮೀಟರ್ ಪ್ಯಾನೆಲ್ ಇದ್ದರೆ 10 ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಹಿಡಿದರೂ ಸಾಕು. ಬೆಳಗ್ಗೆ ಎಲ್ಲ ಮನೆಗಳಲ್ಲೂ ಒಟ್ಟಿಗೇ ಗೀಸರ್ ಹಾಕುವ ಹೊತ್ತಿಗೆ ಕರೆಂಟಿನ ಬೇಡಿಕೆ ಏರುತ್ತದಲ್ವಾ? ಆಗ ಆಕಾಶದಲ್ಲಿ ಬಿಸಿಲಿರುವುದಿಲ್ಲ. ಆದರೆ ನಿನ್ನೆಯ 4 ಯೂನಿಟ್ ಟ್ಯಾಂಕಿನೊಳಗೆ ಕಾದಿರುತ್ತದೆ, ಯಾವ ಬ್ಯಾಟರಿಯೂ ಇಲ್ಲದೆ. ಇದು ನನಗೆ ಇಂದಿಗೂ ಅಚ್ಚರಿ ತರುವ ಸಂಗತಿ.

ಟ್ಯೂಬುಗಳೂ ಶಾಖವನ್ನು ಹಿಡಿದಿಡುವ ಜಾಣತನದಿಂದಲೇ ಗೆಲ್ಲುತ್ತವೆ. ಅದರಲ್ಲಿ ಒಂದರೊಳಗೊಂದು ಎರಡು ಗಾಜಿನ ಕೊಳವೆ, ನಡುವೆ ಗಾಳಿಯೇ ಇಲ್ಲ. ಕಾಫಿ ಫ್ಲಾಸ್ಕಿನಲ್ಲೂ ಇದೇ ಉಪಾಯ. ಒಳಗಾಜಿನ ಮೇಲಿನ ಕಪ್ಪು ಲೇಪ ಮಾಮೂಲಿ ಬಣ್ಣವಲ್ಲ. ಸಾದಾ ಕಪ್ಪು ಬಣ್ಣ ಬಿಸಿಲು ಹೀರಿದ ಹಾಗೇ ಶಾಖವನ್ನು ಹೊರಗೂ ಸೂಸುತ್ತದೆ. ಈ ಲೇಪ ಹೀರುವುದು ಜಾಸ್ತಿ, ಸೂಸುವುದು ಬಹಳ ಕಡಿಮೆ. ಹಾಗಾಗಿ ಒಳಗೆ ನೀರು ಕುದಿಯುವಷ್ಟು ಕಾದಿದ್ದರೂ ಹೊರಗಾಜು ಮುಟ್ಟಿದರೆ ಕೈ ಸುಡುವುದಿಲ್ಲ.

ಟ್ಯಾಂಕಿನ ವಿಷಯಕ್ಕೆ ಬರೋಣ. ಹೊರಗಿನ ತಗಡು ಮತ್ತು ಒಳಗಿನ ಟ್ಯಾಂಕಿನ ನಡುವೆ ಪಫ್ ಎಂಬ ಗಟ್ಟಿ ನೊರೆ ತುಂಬಿರುತ್ತಾರೆ. ಅದು 50 ಮಿಲಿಮೀಟರ್ ದಪ್ಪವಿದ್ದು, ಎಲ್ಲೂ ಟೊಳ್ಳಾಗದಂತೆ ತುಂಬಿದ್ದರೆ ರಾತ್ರಿಯಿಡೀ ಇಳಿಯುವುದು ನಾಲ್ಕೈದು ಡಿಗ್ರಿ ಅಷ್ಟೆ. ಇದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಹಾಕಿಸುವ ಮುಂಚೆ ಕೇಳಿ. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೊಂದು ಎಚ್ಚರ ಬೇಕು. ಗಡಸು ನೀರು ಕಾದಾಗ ಸುಣ್ಣ ಕಟ್ಟುತ್ತದೆ. ಟ್ಯೂಬಿನ ಬದಲು ತಾಮ್ರದ ಸಣ್ಣ ಕೊಳವೆಗಳಿರುವ ಪ್ಯಾನೆಲ್‌ಗಳು ಬೇಗ ಮುಚ್ಚಿಕೊಳ್ಳುತ್ತವೆ. ಅಗಲವಾದ ಗಾಜಿನ ಟ್ಯೂಬುಗಳು ಹೆಚ್ಚು ಕಾಲ ತಡೆಯುತ್ತವೆ.

"ಸೋಲಾರ್ ಇದ್ದರೂ ಬೆಳಗ್ಗೆ ನೀರು ಬೆಚ್ಚಗೆ ಬರಲ್ಲ" ಎಂಬ ದೂರಿಗೆ ಎಷ್ಟೋ ಸಲ ಕಾರಣ ಹಿಂದಿನ ಸಂಜೆಯ ಬಟ್ಟೆ ಒಗೆತ. ಬಿಸಿನೀರು ಟ್ಯಾಂಕಿನ ಮೇಲ್ಭಾಗದಿಂದ ಹೋದಷ್ಟೂ ತಣ್ಣೀರು ತಳದಿಂದ ಬಂದು ಸೇರುತ್ತದೆ. ಸೂರ್ಯ ಮುಳುಗಿದ ಮೇಲೆ ಅದನ್ನು ಕಾಯಿಸುವವರು ಯಾರು? ಮನೆಯವರ ಸ್ನಾನ ಬೆಳಗ್ಗೆಯಾದರೆ ಸಂಜೆ ಆ ನಲ್ಲಿ ಮುಟ್ಟದಿರುವುದೇ ಒಳ್ಳೆಯದು.

ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ ಕರೆಂಟಿನಿಂದ ನೀರು ಕಾಯಿಸುವ ಕಾಯಿಲ್ ಇರುತ್ತದೆ. ಜುಲೈನಲ್ಲಿ ಅದು ಬೇಕೇ ಬೇಕು. ಆದರೆ ಅದರ ಸ್ವಿಚ್ಚನ್ನು ಸುಮ್ನೆ ಹಾಕಿಯೇ ಬಿಡುವ ಮನೆಗಳಿವೆ. ಬೆಳಗ್ಗೆ ಸ್ನಾನ ಮುಗಿದು ತಣ್ಣೀರು ತುಂಬಿದ ಕೂಡಲೇ ಕಾಯಿಲ್ ಅದನ್ನು ಕಾಯಿಸಿಬಿಡುತ್ತದೆ. ಬಿಸಿಲೇರುವ ಹೊತ್ತಿಗೆ ಸೂರ್ಯನಿಗೆ ಕೆಲಸವೇ ಉಳಿದಿರುವುದಿಲ್ಲ, ಬಿಲ್ಲು ಮಾತ್ರ ಗೀಸರಿನದೇ ಬರುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿ, ಪೈಪಿನಲ್ಲಿ ನಿಂತ ನೀರು ಹೋಗಲು ಬಿಟ್ಟು, ಆಮೇಲೂ ಬಿಸಿ ಸಾಲದು ಅನ್ನಿಸಿದರೆ ಮಾತ್ರ ಸ್ವಿಚ್ ಹಾಕಿ. ಸ್ನಾನಕ್ಕೆ ಹೋಗುವ ಮುಂಚೆ ಆರಿಸಿ.