ಧ್ಯಾನದಿಂದ ಎದ್ದ ಮೇಲೆ ಉಳಿಯುವ ಅಹಂಕಾರ

ಧ್ಯಾನ ಶಿಬಿರ ಮುಗಿಸಿದವರು ಮನೋವೈದ್ಯರ ಹತ್ತಿರ ಬರುವುದು ಈಗ ಅಪರೂಪವೇನಲ್ಲ. ಕೆಲವರು ತಾವಾಗೇ ಬರುತ್ತಾರೆ. ಜಾಸ್ತಿ ಜನರನ್ನು ಮನೆಯವರು ಕರೆದುಕೊಂಡು ಬರುತ್ತಾರೆ. ಇವರಿಗೆ ನಿಜವಾಗಿಯೂ ಅರಿವು ಮೂಡಿದೆಯೋ, ಇದು ಕಾಯಿಲೆಯೋ, ಇಲ್ಲಾ ಇದ್ದ ಅಹಂಕಾರವೇ ಇನ್ನಷ್ಟು ಬೆಳೆದಿದೆಯೋ ಅನ್ನುವುದನ್ನು ಕೂತು ಬಿಡಿಸಿ ನೋಡಬೇಕಾಗುತ್ತದೆ. ಇಲ್ಲಿ ಬರೆದಿರುವ ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತೈದರ ಆಸುಪಾಸಿನ ಒಬ್ಬರು 10 ದಿನಗಳ ಮೌನ ಶಿಬಿರಕ್ಕೆ ಹೋಗಿ ಬಂದಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಮಾತಿಲ್ಲ, ಫೋನಿಲ್ಲ, ಪುಸ್ತಕವೂ ಇಲ್ಲ. ಕೊನೆಯ ದಿನಗಳಲ್ಲಿ ‘ನಾನು’ ಅನ್ನುವುದೇ ಕರಗಿ ಹೋಯಿತು ಅಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಅವರ ಅನುಭವವನ್ನು ನಾನು ಪೂರ್ತಿ ನಂಬಿದೆ. ಆಮೇಲೆ ಅವರ ಹೆಂಡತಿ ಬಾಯಿ ಬಿಟ್ಟರು.

“ಮೇಡಂ, ಮೊದಲು ಇವರು ಬೈತಿದ್ರು. ನಾನೂ ತಿರುಗಿ ಬೈದು ಅಲ್ಲಿಗೆ ಮುಗೀತಿತ್ತು. ಈಗ ನಾನೇನೇ ಹೇಳಿದ್ರೂ ಸುಮ್ನೆ ಮುಗುಳ್ನಗ್ತಾರೆ. ‘ಇದೆಲ್ಲ ನಿನ್ನ ಮನಸ್ಸಿನ ಆಟ’ ಅಂತಾರೆ. ಮಗಳ ಫೀಸ್ ಕಟ್ಟಿಲ್ಲ ಅಂದ್ರೂ ಅದೇ ಮಾತು.”

ಇಬ್ಬರು ಹೇಳಿದ್ದೂ ನಿಜ. ಅನುಭವ ದೊಡ್ಡದೇ ಆಗಿತ್ತು. ಆದರೆ ಅದು ಮುಗಿದ ಮೇಲೆ ಮನಸ್ಸು ಅದನ್ನು ‘ನನಗೆ ಸಿಕ್ಕಿದ್ದು, ನಿನಗೆ ಸಿಗದ್ದು’ ಅಂತ ಎತ್ತಿಟ್ಟುಕೊಂಡಿತ್ತು. ಜೀವನದ ಬಗೆಹರಿಯದ ಕಷ್ಟಗಳಿಂದ ತಪ್ಪಿಸಿಕೊಳ್ಳಲು ಜನ ಅಧ್ಯಾತ್ಮದ ಮಾತನ್ನೇ ಬಳಸಿಕೊಳ್ಳುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲೇ ಎಚ್ಚರಿಸಿದ್ದರು. 2018ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಯೋಗ ತರಗತಿಗೆ ಹೋಗುವವರನ್ನು ಹಲವು ವಾರ ಗಮನಿಸಿತು. ತರಗತಿ ಮುಗಿಸಿ ಎದ್ದಾಗ ಅವರಲ್ಲಿ ‘ನಾನು ಉಳಿದವರಿಗಿಂತ ಒಂದು ಕೈ ಮೇಲು’ ಅನ್ನುವ ಭಾವನೆ ಕಡಿಮೆ ಆಗುವ ಬದಲು ಜಾಸ್ತಿ ಆಗಿತ್ತು. ಮನುಷ್ಯ ಯಾವುದನ್ನು ಕಷ್ಟಪಟ್ಟು ಅಭ್ಯಾಸ ಮಾಡುತ್ತಾನೋ ಅದರ ಬಗ್ಗೆ ಅವನಿಗೆ ಹೆಮ್ಮೆ ಬೆಳೆಯುತ್ತದೆ. ಸಂಗೀತಕ್ಕೆ ಹೇಗೋ ಧ್ಯಾನಕ್ಕೂ ಹಾಗೇ.

ಮಿದುಳಿನ ಮಾತೂ ಸ್ವಲ್ಪ ಹೇಳಬೇಕು. ಕೆಲಸವಿಲ್ಲದೆ ಕೂತಾಗ ನಮ್ಮ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗುತ್ತವೆ. ಅವನು ನನಗೆ ಹಾಗಂದನಲ್ಲ, ನಾಳೆ ನನ್ನ ಗತಿ ಏನು, ಹೀಗೆ ನಮ್ಮದೇ ಕಥೆ ಓಡುವುದು ಆಗಲೇ. ಬಹಳ ವರ್ಷ ಧ್ಯಾನ ಮಾಡಿದವರಲ್ಲಿ, ಧ್ಯಾನದ ಹೊತ್ತಿನಲ್ಲಿ ಈ ಭಾಗಗಳ ಚಟುವಟಿಕೆ ಕಡಿಮೆ ಇರುತ್ತದೆ ಎಂದು 2011ರಲ್ಲಿ ಒಂದು ಸ್ಕ್ಯಾನ್ ಅಧ್ಯಯನ ತೋರಿಸಿತು. ಅಂದರೆ ‘ನಾನು’ ತೆಳುವಾಗುವ ಅನುಭವ ಬರೀ ಕಲ್ಪನೆಯಲ್ಲ. ಆದರೆ ಧ್ಯಾನ ಬಿಟ್ಟು ಎದ್ದವನು ಹೆಂಡತಿಯ ಮಾತಿಗೆ ಏನು ಉತ್ತರ ಕೊಡುತ್ತಾನೆ ಅನ್ನುವುದನ್ನು ಯಾವ ಸ್ಕ್ಯಾನೂ ಹೇಳುವುದಿಲ್ಲ.

ಇಲ್ಲಿ ನನಗೆ ರಮಣ ಮಹರ್ಷಿಗಳು ನೆನಪಾಗುತ್ತಾರೆ. 1896ರ ಜುಲೈ, ಮಧುರೈ. ಚಿಕ್ಕಪ್ಪನ ಮನೆಯ ಮಹಡಿಯಲ್ಲಿ 16 ವರ್ಷದ ಹುಡುಗನಿಗೆ ಇದ್ದಕ್ಕಿದ್ದ ಹಾಗೆ ಸಾವಿನ ಭಯ ಬಂತು. ಅವನು ಓಡಲಿಲ್ಲ, ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ, ಉಸಿರು ಬಿಗಿಹಿಡಿದು ಮಲಗಿದ. ಈ ದೇಹ ಸತ್ತರೆ ನಾನೂ ಸಾಯುತ್ತೇನಾ ಅಂತ ಒಳಗೇ ಹುಡುಕಿದ. ಕೆಲವೇ ವಾರಗಳಲ್ಲಿ ಮನೆ ಬಿಟ್ಟು ತಿರುವಣ್ಣಾಮಲೈ ಸೇರಿದ. ಎಲ್ಲರೂ ಹೇಳುವುದು ಈ ಮಹಡಿಯ ಕಥೆಯನ್ನೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಎಷ್ಟೋ ವರ್ಷಗಳ ನಂತರದ ಆಶ್ರಮದ ಅಡುಗೆಮನೆ. ಆ ಹೊತ್ತಿಗೆ ದೂರದೂರದಿಂದ ಜನ ಅವರ ದರ್ಶನಕ್ಕೆ ಬರುತ್ತಿದ್ದರು. ಅವರು ಬೆಳಕು ಹರಿಯುವ ಮೊದಲೇ ಉಳಿದವರ ಜೊತೆ ಕೂತು ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು. ಊಟಕ್ಕೆ ಕೂತಾಗ ತಮಗೆ ಮಾತ್ರ ವಿಶೇಷವಾಗಿ ಬಡಿಸಲು ಬಿಡುತ್ತಿರಲಿಲ್ಲ. ಎಲ್ಲರ ಎಲೆಗೆ ಏನೋ ತಮ್ಮ ಎಲೆಗೂ ಅದೇ. ಎಂಥ ಅನುಭವ ಆಯಿತು ಅನ್ನುವುದಕ್ಕಿಂತ ಆದ ಮೇಲೆ ಪಂಕ್ತಿಯಲ್ಲಿ ಹೇಗೆ ಕೂರುತ್ತಾರೆ ಅನ್ನುವುದನ್ನೇ ನಾನು ಗಮನಿಸುತ್ತೇನೆ.

ಹಾಗಾದರೆ ಅಹಂಕಾರ ಬಿಡುವುದು ಅಂದರೆ ದಿನನಿತ್ಯದಲ್ಲಿ ಏನು? ಆಫೀಸಿನ ಮೀಟಿಂಗ್ ಅಂದುಕೊಳ್ಳಿ. ನಿಮಗಿಂತ ಹತ್ತು ವರ್ಷ ಚಿಕ್ಕವನು ಎಲ್ಲರ ಮುಂದೆ “ಸರ್, ಈ ಲೆಕ್ಕ ತಪ್ಪಿದೆ” ಅನ್ನುತ್ತಾನೆ. ಕಿವಿ ಬಿಸಿಯಾಗುತ್ತದೆ. ಗಂಟಲು ಬಿಗಿಯುತ್ತದೆ. ಅವನ ವಾಕ್ಯ ಮುಗಿಯುವ ಮೊದಲೇ ನಿಮ್ಮ ಉತ್ತರ ನಾಲಿಗೆ ತುದಿಗೆ ಬಂದಿರುತ್ತದೆ. ಲೆಕ್ಕ ಸರಿಯಾ ತಪ್ಪಾ ಅಂತ ನೀವಿನ್ನೂ ನೋಡಿಯೇ ಇಲ್ಲ, ಅಲ್ವಾ? ಅಹಂಕಾರ ಕಣ್ಣಿಗೆ ಬೀಳುವುದು ಈ ಎರಡು ಮೂರು ಸೆಕೆಂಡುಗಳಲ್ಲಿ. ಕಿವಿ ಬಿಸಿಯಾಗುವುದನ್ನು ತಡೆಯೋಕೆ ಆಗುವುದಿಲ್ಲ, ತಡೆಯಲೂಬೇಕಾಗಿಲ್ಲ. ಬಿಸಿಯಾಯಿತು ಅಂತ ಗೊತ್ತಾದರೆ ಉತ್ತರ ಕೊಡದೆ ಇರಲು ಸ್ವಲ್ಪ ಜಾಗ ಸಿಗುತ್ತದೆ. ಧ್ಯಾನದ ಅಭ್ಯಾಸ ಉಪಯೋಗಕ್ಕೆ ಬರಬೇಕಾದ್ದು ಇಂಥ ಕಡೆ.

ಆ ಗಂಡನಿಗೆ ನಾನು ಹೇಳಿದ್ದು ಎರಡೇ. ಮಗಳ ಫೀಸ್ ಇವತ್ತೇ ಕಟ್ಟಿ. ಹೆಂಡತಿ ಮಾತಾಡುವಾಗ ಕೊನೆವರೆಗೆ ಕೇಳಿ, ಅವರು ಹೇಳಿದ್ದು ಸರಿ ಇದ್ದರೆ “ಹೌದು, ತಪ್ಪಾಯ್ತು” ಅನ್ನಿ, ಅದರ ಹಿಂದೆ “ಆದರೆ” ಸೇರಿಸಬೇಡಿ. ಕೆಲವು ತಿಂಗಳ ನಂತರ ಬಂದಾಗ ಅವರು ಹೇಳಿದರು: “ಅಲ್ಲಿ ಹತ್ತು ಗಂಟೆ ಕೂತಿದ್ದೆ ಮೇಡಂ. ಇವಳ ಮಾತು ಹತ್ತು ನಿಮಿಷ ಕೇಳೋಕೆ ಅದಕ್ಕಿಂತ ಕಷ್ಟ ಆಗುತ್ತೆ.” ಅವತ್ತು ಅವರ ಮೇಲೆ ನನಗೆ ಬಹಳ ಗೌರವ ಬಂತು.

ಇನ್ನೊಂದು ಮಾತು ಹೇಳದೆ ಹೋದರೆ ಅನ್ಯಾಯ. ನಮ್ಮ ಮನೆಗಳಲ್ಲಿ ‘ಅಹಂಕಾರ ಬಿಡು’ ಅನ್ನುವ ಬುದ್ಧಿಮಾತು ಯಾರಿಗೆ ಹೆಚ್ಚು ಸಿಗುತ್ತದೆ ನೋಡಿ. ಸೊಸೆಗೆ, ಕೆಲಸದವರಿಗೆ, ಎದುರು ಮಾತಾಡುವ ಮಗಳಿಗೆ. ಗಂಡ ಹೊಡೆಯುತ್ತಾನೆ ಎಂದು ಅಳುತ್ತಾ ಬಂದ ಹೆಣ್ಣುಮಗಳೊಬ್ಬರು “ನಾನು ಇನ್ನೂ ಅಹಂಕಾರ ಬಿಟ್ಟಿಲ್ಲ ಅನ್ಸುತ್ತೆ ಡಾಕ್ಟ್ರೇ, ಅದಕ್ಕೇ ನೋವಾಗ್ತಿದೆ” ಅಂದರು. ಅವರಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದರು. ಏಟು ಬಿದ್ದರೆ ನೋವಾಗುವುದು ಅಹಂಕಾರವಲ್ಲ. “ಇನ್ನು ಮುಂದೆ ನನ್ನ ಮೈ ಮುಟ್ಟಬೇಡಿ” ಅನ್ನಲು ಗಟ್ಟಿಯಾದ ‘ನಾನು’ ಬೇಕು. ಅದು ಬೆಳೆಯದವರಿಗೆ ಬಿಡು ಅನ್ನುವುದು ತಪ್ಪು. ಆ ಉಪದೇಶ ಸಿಗಬೇಕಿದ್ದದ್ದು ಕೈ ಎತ್ತಿದವನಿಗೆ.

ಕೆಲವು ಸಲ ಜಾಗೃತಿ ಅಂದುಕೊಂಡದ್ದು ಚಿಕಿತ್ಸೆ ಬೇಕಾದ ಸ್ಥಿತಿಯಾಗಿರುತ್ತದೆ. ತೀವ್ರವಾದ ಧ್ಯಾನದ ನಂತರ ಕೆಲವರಿಗೆ ಕೈ ತನ್ನದಲ್ಲ ಅನ್ನಿಸುತ್ತದೆ. ಸುತ್ತಲಿನ ಜನ ಗಾಜಿನಾಚೆ ಇದ್ದ ಹಾಗೆ ಕಾಣುತ್ತಾರೆ. ಕನ್ನಡಿ ನೋಡಿದರೆ ಭಯ. ‘ನಾನು’ ಸಾಯುವಾಗ ಹೀಗೇ ಆಗುತ್ತದೆ, ಮುಂದುವರಿಸು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಭಯ ಇದ್ದರೆ ಧ್ಯಾನ ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನಡಿಗೆ, ಕೈಗೆ ಕೆಲಸ ಇರಲಿ. ತುಂಬಾ ಜನ ಇಷ್ಟರಲ್ಲೇ ಹಗುರಾಗುತ್ತಾರೆ, ಆಗದವರು ವೈದ್ಯರನ್ನು ನೋಡಬೇಕು. ಮೂರು ನಾಲ್ಕು ರಾತ್ರಿ ನಿದ್ದೆ ಇಲ್ಲದೆಯೂ ದಣಿವೇ ಇಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಖರ್ಚು, ‘ಲೋಕ ಉದ್ಧಾರಕ್ಕೆ ನನ್ನನ್ನೇ ಕಳಿಸಿದ್ದಾರೆ’ ಅನ್ನುವ ಮಾತು. ಇದು ಉನ್ಮಾದದ ಲಕ್ಷಣ. ಆಗ ಒಂದು ದಿನವೂ ಕಾಯಬೇಡಿ. ಮೊದಲೇ ಮಾನಸಿಕ ಕಾಯಿಲೆ ಇದ್ದವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಶಿಬಿರದ ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ಶಿಬಿರಕ್ಕೆಂದು ಮಾತ್ರೆ ನಿಲ್ಲಿಸಲೂಬಾರದು.

ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.